ಕೆರೆ-ದಡದ ದೊಡ್ಡ ಮಿಸ್

ದೊಡ್ಡ ಮಿಸ್ ತೀರಿಕೊಂಡ ಮೇಲೆ ನಮ್ಮ ಪದ್ಮನಾಭನಗರದ ಪಾರ್ಕಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಪಾರ್ಕಿಗೆ ದಿನಾ ವಾಕಿಂಗ್ ಬರುವವರ ಸಂಘದವರೇ ಮುಂದೆ ನಿಂತು ಮಾಡಿದ ಸಭೆ. ಹಾರ ಹಾಕಿದ ಫೋಟೋ, ಬಾಡಿಗೆ ಕುರ್ಚಿ, ಕಿರ್ರೆನ್ನುವ ಮೈಕು, ಎಲ್ಲ ಇತ್ತು. ಸಂಘದ ಅಧ್ಯಕ್ಷರು ಟ್ರ್ಯಾಕ್ ಪ್ಯಾಂಟಿನಲ್ಲೇ ಬಂದು, "ಮಕ್ಕಳ ಆರೋಗ್ಯಕ್ಕಾಗಿ ಜೀವ ತೇದ ಮಹಾತಾಯಿ" ಎಂದರು. ಇರಲಿ, ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಭಾಷಣ ಮುಗಿದ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಏನು ಹಂಚಿದರು ಗೊತ್ತೆ? ಒಂದೊಂದು ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ಟು, ಒಂದೊಂದು ಜ್ಯೂಸ್ ಡಬ್ಬಿ, ಅದರ ಮೇಲೊಂದು ಚಾಕೊಲೇಟು. ಅದೂ ಆಯಮ್ಮನ ಫೋಟೋ ಎದುರಿಗೇ! ಬದುಕಿದ್ದಿದ್ದರೆ ಮೈಕು ಕಿತ್ತುಕೊಂಡು ಬೈಯುತ್ತಿದ್ದರು.

ಅದೂ ಹೋಗಲಿ ಅನ್ನೋಣ. ಅಧ್ಯಕ್ಷರು ಕೊನೆಯಲ್ಲಿ ಒಂದು ಘೋಷಣೆ ಮಾಡಿದರು. ಪಾರ್ಕಿನ ನಡುವಿನ ಹುಲ್ಲುಹಾಸಿನಲ್ಲಿ ದೊಡ್ಡ ಮಿಸ್ ನೆನಪಿಗೆ ಒಂದು ಹೂದೋಟ ಮಾಡುತ್ತಾರಂತೆ. ಸುತ್ತ ಕಬ್ಬಿಣದ ಬೇಲಿ, ಮಧ್ಯೆ ಅವರ ಹೆಸರು ಕೆತ್ತಿದ ಕಲ್ಲು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹುಲ್ಲಿನ ಮೇಲೆ ಚಿಕ್ಕ ಮಕ್ಕಳು ಓಡಲಿ ಅಂತ ತಾನೇ ಆಕೆ ಇದೇ ಜನರ ಬಾಯಿಗೆ ಸಿಕ್ಕಿದ್ದು? ಈಗ ಆಕೆಯ ಹೆಸರು ಹೇಳಿಕೊಂಡೇ ಅದಕ್ಕೆ ಬೇಲಿ ಹಾಕಲು ಹೊರಟಿದ್ದಾರಲ್ಲ, ಇವರಿಗೆ ಏನನ್ನಬೇಕು?

ಗೇಟಿನ ಹತ್ತಿರ ಸಂಘದ ಕಾರ್ಯದರ್ಶಿ ನನ್ನನ್ನು ಹಿಡಿದುಕೊಂಡರು. "ಮೇಡಂ, ನೀವು ಅವರ ಜೊತೆ ಇಷ್ಟು ವರ್ಷ ಕೆಲಸ ಮಾಡಿದೋರು. ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದ್ಕೊಡಿ. ವಿವಾದ ಏನೂ ಬೇಡ. ಓದಿದ್ರೆ ಕಣ್ಣಲ್ಲಿ ನೀರು ಬರ್ಬೇಕು, ಅಷ್ಟೇ" ಎಂದರು.

ಓದುವವರ ಕಣ್ಣಲ್ಲಿ ನೀರು ತರಿಸುವ ವಿದ್ಯೆ ನನಗೆ ಬಾರದು. ಬಂದದ್ದನ್ನು ಬರೆದಿದ್ದೇನೆ. ಹಾಕಿಕೊಂಡರೆ ಹಾಕಿಕೊಳ್ಳಲಿ, ಬಿಟ್ಟರೆ ಬಿಡಲಿ.

ದೊಡ್ಡ ಮಿಸ್ ತಮ್ಮ ಮನೆಯ ಕೆಳಗಿನ ಭಾಗದಲ್ಲೇ ಶಿಶುವಿಹಾರ ನಡೆಸುತ್ತಿದ್ದರು. ನಾನು ಅಲ್ಲಿ ಅವರ ಕೈಕೆಳಗಿನ ಟೀಚರು. ಮಕ್ಕಳ ಬಾಯಲ್ಲಿ ಅವರು ದೊಡ್ಡ ಮಿಸ್, ನಾನು ಚಿಕ್ಕ ಮಿಸ್. ನೋಡುವುದಕ್ಕೆ ಇದು ತಿರುವುಮುರುವು. ನಾನು ದಪ್ಪ, ಎತ್ತರ ಬೇರೆ. ಅವರು ಸಣ್ಣ ಆಳು, ಗಂಜಿ ಹಾಕಿದ ಕಾಟನ್ ಸೀರೆ ಉಟ್ಟರೆ ಸೀರೆಯೇ ನಿಂತಿದೆಯೇನೋ ಅನ್ನಿಸುತ್ತಿತ್ತು. ಆದರೆ ಗಂಟಲು ಮಾತ್ರ ನಮ್ಮ ರಸ್ತೆಯ ಆ ತುದಿಗೆ ಕೇಳುವಂಥದ್ದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಯಾರಿಗೋ ಮಂಗಳಾರತಿ ಇದೆ ಎಂದು ನಾವೆಲ್ಲ ಸುಮ್ಮನಾಗುತ್ತಿದ್ದೆವು.

ಊಟ ಕಂಡರೆ ಆಗದವರು ಅಂತ ಅವರ ಬಗ್ಗೆ ಸುದ್ದಿ ಹಬ್ಬಿಸಿದವರಿದ್ದಾರೆ. ಶುದ್ಧ ಸುಳ್ಳು. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ನನ್ನನ್ನು ಎಳೆದುಕೊಂಡು ಜಯನಗರಕ್ಕೆ ಹೋಗಿ, ದರ್ಶಿನಿ ಹೋಟೆಲಿನ ಕಟ್ಟೆಗೆ ಒರಗಿ ನಿಂತು ಬೆಣ್ಣೆ ಹಾಕಿದ ಮಸಾಲೆ ದೋಸೆ ತಿನ್ನುತ್ತಿದ್ದರು. ಯುಗಾದಿಗೆ ಒಬ್ಬಟ್ಟಿನ ಮೇಲೆ ತುಪ್ಪ ಹರಿಯಬೇಕು, ಇಲ್ಲದಿದ್ದರೆ ಕೋಪ. "ಹಸಿವಾಗಿತ್ತು, ತಿಂದೆ. ಸಾಕಾಯ್ತು, ಬಿಟ್ಟೆ. ಇದರಲ್ಲಿ ತಪ್ಪೇನೇ ಇದೆ? ನಮ್ಮ ಜನ ಮಕ್ಕಳಿಗೆ ಈ ಎರಡನ್ನೂ ಮಾಡೋಕೆ ಬಿಡಲ್ಲ ಕಣೆ" ಎನ್ನುತ್ತಿದ್ದರು.

ಅದು ನಿಜವೇ. ಶಿಶುವಿಹಾರದ ಕಿಟಕಿಯಿಂದ ನಾವು ದಿನಾ ನೋಡುತ್ತಿದ್ದೆವು. ಎದುರು ಮನೆಯ ಅಜ್ಜಿ ಮೊಮ್ಮಗುವನ್ನು ಕಾಂಪೌಂಡಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದು ಕೈಯಲ್ಲಿ ಮೊಸರನ್ನ ತುರುಕುತ್ತಿದ್ದರು. ಮಗು ಬಾಯಿ ಮುಚ್ಚಿದರೆ ಮೂಗು ಹಿಡಿಯುವುದು. ಮುಖ ತಿರುಗಿಸಿದರೆ ಅತ್ತ ಕಡೆಯಿಂದ ಇನ್ನೊಂದು ತುತ್ತು. ಒಂದು ದಿನ ದೊಡ್ಡ ಮಿಸ್ ತಡೆಯಲಾರದೆ ರಸ್ತೆ ದಾಟಿಯೇಬಿಟ್ಟರು.

"ಅಜ್ಜಿ, ಮಗು ಬಾಯಿ ಮುಚ್ತು ಅಂದ್ರೆ ಮಾತಾಡ್ತು ಅಂತ. ಸಾಕು ಅಂತಿದೆ ಅದು. ನಿಮಗೆ ಕೇಳಿಸ್ಲಿಲ್ವಾ?"

"ಅದಕ್ಕೇನ್ರೀ ಗೊತ್ತಾಗುತ್ತೆ? ಇನ್ನೂ ಬೊಮ್ಮಟೆ, ಹಸುಗೂಸು ಅದು."

"ಹೊಟ್ಟೆ ಅದರದು ಅಜ್ಜಿ, ಅದಕ್ಕೇ ಗೊತ್ತಾಗೋದು. ನಿಮಗೆ ಹೇಗೆ ಗೊತ್ತಾಗುತ್ತೆ?"

ಅಜ್ಜಿ ಆ ಸಂಜೆಯೇ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರಂತೆ. ದೊಡ್ಡ ಮಿಸ್ ಕಣ್ಣು ಮಗುವಿನ ಮೇಲೆ ಬಿತ್ತೆಂದು. ಅದನ್ನು ಕೇಳಿ ದೊಡ್ಡ ಮಿಸ್ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನನಗೆ ಸಿಟ್ಟು ಬಂದದ್ದು ಅಜ್ಜಿಯ ಮೇಲಲ್ಲ. ನಮ್ಮಲ್ಲಿ ಒಂದು ದರಿದ್ರ ಪದ್ಧತಿಯಿದೆ. ಮನೆಗೆ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ ಮಗುವಿನ ಕೆನ್ನೆ ನೋಡುತ್ತಾರೆ. ಕೆನ್ನೆ ತುಂಬಿದ್ದರೆ "ಗುಂಡು ಗುಂಡಗೆ ಎಷ್ಟು ಚೆನ್ನಾಗಿದೆ" ಎಂದು ಸರ್ಟಿಫಿಕೇಟು. ಇಲ್ಲವೆಂದರೆ ತಾಯಿಯ ಮುಖ ನೋಡಿ, "ಯಾಕಮ್ಮ ಮಗು ಸೊರಗಿದೆ? ಏನೂ ಹಾಕ್ತಿಲ್ವಾ?" ಎಂದು ಕೇಳುತ್ತಾರೆ. ಹಾಗೆ ಕೇಳಿಸಿಕೊಂಡ ಹೆಣ್ಣುಮಗಳು ಮಾರನೆಯ ದಿನ ತುರುಕದೆ ಇನ್ನೇನು ಮಾಡುತ್ತಾಳೆ? ಕೇಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಅನುಭವಿಸುವುದು ತಾಯಿ, ಮಗು.

ಹಾಗಂತ ದಪ್ಪಗಿರುವ ಮಗುವನ್ನು ಯಾರಾದರೂ ಹಂಗಿಸಿದರೆ ದೊಡ್ಡ ಮಿಸ್ ಸುಮ್ಮನೆ ಬಿಡುತ್ತಿರಲಿಲ್ಲ. ವಾಕಿಂಗ್ ಮುಗಿಸಿ ಬರುತ್ತಿದ್ದ ದೊಡ್ಡ ಹೊಟ್ಟೆಯ ಒಬ್ಬರು ನಮ್ಮ ಗೇಟಿನ ಹತ್ತಿರ ನಿಂತು ಒಬ್ಬ ಹುಡುಗನಿಗೆ, "ಏನೋ ಡುಮ್ಮಣ್ಣ, ಯಾವ ಅಂಗಡಿ ಅಕ್ಕಿನೋ?" ಎಂದರು. ಸೆರಗು ಸೊಂಟಕ್ಕೆ ಹೋಯಿತು. "ನಿಮ್ಮನ್ನ ನಾನು ಹಾಗೇ ಕರೀಲಾ ಸಾರ್? ರಸ್ತೆಲಿ, ಎಲ್ಲರ ಎದುರಿಗೆ?" ತಮಾಷೆಗೆ ಅಂದೆ ಎಂದರು ಆತ. "ತಮಾಷೆ ಅಂದ್ರೆ ಇಬ್ಬರೂ ನಗಬೇಕು. ಅವನು ನಕ್ನಾ ನೋಡಿ." ಹುಡುಗ ನನ್ನ ಸೀರೆ ಹಿಡಿದುಕೊಂಡು ಹಿಂದೆ ನಿಂತಿದ್ದ. ಅದಾದ ಮೇಲೆ ಆ ಮನುಷ್ಯರು ನಮ್ಮ ಗೇಟು ಬಂದಾಗ ಎದುರು ಫುಟ್‌ಪಾತಿಗೆ ಹೋಗುತ್ತಿದ್ದರು.

ಹುಟ್ಟುಹಬ್ಬದ ಕಾಟವೂ ಕಡಿಮೆಯಿರಲಿಲ್ಲ. ಯಾವುದಾದರೂ ಮಗುವಿನದು ಬಂತೆಂದರೆ ಮನೆಯಿಂದ ಕೇಕು, ಚಾಕೊಲೇಟು, ಚಿಪ್ಸು ತುಂಬಿದ ಬಣ್ಣದ ಚೀಲಗಳು. ದೊಡ್ಡ ಮಿಸ್ ಗೇಟಲ್ಲೇ ವಾಪಸು ಕಳಿಸಿ, ಅದರ ಬದಲು ಒಂದು ಕ್ರಮ ಮಾಡಿದರು. ಯಾರ ಹುಟ್ಟುಹಬ್ಬವೋ ಆ ಮಗು ಹೇಳಿದ ಆಟವನ್ನು ಅವತ್ತು ಎಲ್ಲರೂ ಆಡಬೇಕು, ಮಿಸ್‌ಗಳೂ ಸೇರಿ. ಕುಂಟೆಬಿಲ್ಲೆ ಆಡಿ ನನ್ನ ಕಾಲು ಉಳುಕಿದೆ. ಕೆಲವು ಅಪ್ಪಂದಿರು ಇದು ಜಿಪುಣತನ ಎಂದು ಮೂಗು ಮುರಿದು, ಮಕ್ಕಳನ್ನು ಬಿಡಿಸಿಕೊಂಡು ಹೋಗಿ ಬೇರೆ ಕಡೆ ಸೇರಿಸಿದರು. ಹೋದರೆ ಹೋಗಲಿ ಎಂದರು ದೊಡ್ಡ ಮಿಸ್.

ಆದರೆ ಎಲ್ಲ ಸಲವೂ ಅವರ ಬಾಯಿ ಸರಿಯಾದ ಕಡೆಗೇ ಹೋಗುತ್ತಿತ್ತು ಎನ್ನಲಾರೆ. ಶ್ರಾವಣಿ ಎಂಬ ಮಗು ಬಂದಾಗ ಅವರು ದೊಡ್ಡದೊಂದು ತಪ್ಪು ಮಾಡಿದರು.

ಶ್ರಾವಣಿಯ ಅಪ್ಪ ಅಮ್ಮ ವಿಜಯಪುರದ ಕಡೆಯವರು. ಮೊದಲು ಬಿಟಿಎಂ ಬಡಾವಣೆಯಲ್ಲಿದ್ದು, ಆಮೇಲೆ ನಮ್ಮ ಹಿಂದಿನ ರಸ್ತೆಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದರು. ಇಬ್ಬರೂ ಆಫೀಸಿಗೆ ಹೋಗುವವರು. ಮಗುವಿಗೆ ನಾಲ್ಕು ವರ್ಷ. ನಮ್ಮ ಬಾಗಿಲ ಮುಂದಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟಪಡುತ್ತಿತ್ತು. ತೂಕ ಹೀಗೇ ಏರಿದರೆ ಮುಂದೆ ತೊಂದರೆ ಎಂದು ಮಕ್ಕಳ ಡಾಕ್ಟರು ಆಗಲೇ ಎಚ್ಚರಿಸಿದ್ದರು. ಅದರ ಟಿಫಿನ್ ಡಬ್ಬಿಯಲ್ಲಿ ದಿನಾ ಬಿಸ್ಕತ್ತು. ದೊಡ್ಡ ಮಿಸ್ ಒಂದು ಸಂಜೆ ಗೇಟಿನಲ್ಲಿ, ಉಳಿದ ತಾಯಂದಿರ ಎದುರಿಗೇ, "ಏನಮ್ಮ, ಮಗುನ ಸಾಕ್ತಿದ್ದೀಯೋ, ಮೊಬೈಲ್ ಬಿಸ್ಕತ್ತು ಕೊಟ್ಟು ಮೂಲೆಗೆ ಕೂರಿಸ್ತಿದ್ದೀಯೋ?" ಎಂದುಬಿಟ್ಟರು.

ಶ್ರಾವಣಿಯ ಅಮ್ಮ ಅಳಲಿಲ್ಲ. ಕೆಂಪಗಾದಳು. "ಅಕ್ಕಾರ, ನೀವು ಹೇಳೂದು ಸುಲಭ ಐತ್ರಿ" ಎಂದಳು. "ಕೂಸು ಮನ್ಯಾಗ ಒಂದೀಟು ಜಿಗದ್ರ ಕೆಳಗಿನ ಓನರ್ ಬಂದು ಬಾಗಲಾ ಬಡೀತಾರ್ರೀ. ತಲಿಮ್ಯಾಲೆ ಸಪ್ಪಳ ಆಗತೈತಿ ಅಂತ. ರಸ್ತಾದಾಗ ಬಿಟ್ರ ಗಾಡಿ. ಪಾರ್ಕಿಗೆ ಕರ್ಕೊಂಡು ಹೋದ್ರ ಹುಲ್ಲಿನ ಮ್ಯಾಲೆ ಓಡಬ್ಯಾಡಂತ ಬೋರ್ಡ್ ಹಾಕ್ಯಾರ. ಎಲ್ಲಿ ಓಡಸ್ಲಿ ಹೇಳ್ರಿ ನೀವಽ. ಮೊಬೈಲ್ ಕೊಟ್ರ ಒಂದ್ ಕಡೆ ಸುಮ್ಮ ಕುಂದರತೈತಿ. ನನಗೇನು ಅದು ಛಲೋ ಕಾಣ್ತೈತೇನ್ರಿ?"

ದೊಡ್ಡ ಮಿಸ್ ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಅಷ್ಟೂ ತಾಯಂದಿರ ಎದುರಿಗೇ, "ತಪ್ಪಾಯ್ತಮ್ಮ. ಬೈಯಬೇಕಾಗಿದ್ದು ನಿನ್ನನ್ನಲ್ಲ" ಎಂದರು. ಎಲ್ಲರೂ ಹೋದ ಮೇಲೆ ಆ ಪುಟ್ಟ ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ, "ಆ ಪಾರ್ಕ್ ಯಾರದು ಕಣೆ?" ಎಂದು ನನ್ನನ್ನು ಕೇಳಿದರು.

ಆ ಪಾರ್ಕನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿ ಇಂಥವು ಎಷ್ಟೋ ಇವೆ. ಸುತ್ತ ಟೈಲ್ಸ್ ಹಾಕಿದ ಟ್ರ್ಯಾಕು, ದೊಡ್ಡವರಿಗೆ ಕಸರತ್ತಿನ ಕಬ್ಬಿಣದ ಯಂತ್ರಗಳು, ಕೂರಲು ಕಲ್ಲುಬೆಂಚು. ನಡುವೆ ಸೊಗಸಾದ ಹುಲ್ಲು, ಅದರ ಮೇಲೆ ಯಾರೂ ಕಾಲಿಡಬಾರದು. ಮಕ್ಕಳಿಗೆಂದು ಮೂಲೆಯಲ್ಲಿ ಒಂದು ಜಾರುಬಂಡೆ, ಅದರ ತಗಡು ಮುರಿದು ಯಾವ ಕಾಲವಾಯಿತೋ. ಬೆಳಿಗ್ಗೆ ಸಂಜೆ ನಮ್ಮ ಬಡಾವಣೆಯ ಹಿರಿಯರು ಸಕ್ಕರೆ ಕಾಯಿಲೆ ಇಳಿಸಲು ಅಲ್ಲಿ ಸುತ್ತು ಹಾಕುತ್ತಾರೆ. ಸುತ್ತು ಮುಗಿದ ಮೇಲೆ ಗೇಟಿನ ಎದುರಿನ ಬೇಕರಿಯಲ್ಲಿ ಪಫ್ ತಿನ್ನುತ್ತಾರೆ. ತಾವು ನಡೆದು ಕರಗಿಸುತ್ತಿರುವ ರೋಗಕ್ಕೇ ಮೊಮ್ಮಕ್ಕಳನ್ನು ತಯಾರು ಮಾಡುತ್ತಿದ್ದೇವೆ ಎಂದು ಒಬ್ಬರಿಗಾದರೂ ಹೊಳೆಯಬಾರದೆ?

ಮಾರನೆಯ ಸಂಜೆ ದೊಡ್ಡ ಮಿಸ್ ಮಕ್ಕಳನ್ನು ಕರೆದುಕೊಂಡು ಸೀದಾ ಆ ಹುಲ್ಲಿನ ಹತ್ತಿರ ಹೋದರು. ಟ್ರ್ಯಾಕಿನ ಅಂಚಿಗೆ ಎಲ್ಲರನ್ನೂ ನಿಲ್ಲಿಸಿ, "ಹುಲ್ಲು ಕೆರೆ, ಟೈಲ್ಸ್ ದಡ" ಎಂದರು. ಕೆರೆ-ದಡ ಆಟ ಎಲ್ಲರಿಗೂ ಗೊತ್ತಿರುವುದೇ. ಕೆರೆ ಎಂದು ಕೂಗಿದರೆ ಗೆರೆಯ ಒಳಕ್ಕೆ ಹಾರಬೇಕು, ದಡ ಎಂದರೆ ಹೊರಕ್ಕೆ. ತಪ್ಪಿದವರು ಔಟು. ದೊಡ್ಡ ಮಿಸ್ ಆಟದಲ್ಲಿ ಮಾತ್ರ ಔಟ್ ಇರಲಿಲ್ಲ. "ಔಟ್ ಮಾಡಿದ್ರೆ ಮೊದಲು ಹೋಗಿ ಕೂರೋ ಮಗು ಯಾವುದು ಹೇಳು? ಯಾವುದು ಜಾಸ್ತಿ ಹಾರಬೇಕೋ ಅದೇ" ಎಂದು ನನಗೆ ಬಿಡಿಸಿ ಹೇಳಿದ್ದರು. ಅವರ ಆಟದಲ್ಲಿ ತಪ್ಪಿದ ಮಗು ಬಂದು ಮಿಸ್ ಕೈ ಹಿಡಿದುಕೊಂಡು ಮುಂದಿನ ಕೂಗು ಕೂಗಿ, ಮತ್ತೆ ಆಟಕ್ಕೆ ಓಡಬೇಕು. ಶ್ರಾವಣಿ ಬೇಕು ಬೇಕೆಂದೇ ತಪ್ಪುತ್ತಿದ್ದಳು. ಕೈ ಹಿಡಿದುಕೊಂಡು ಅವಳು "ಕೆರೀ!" ಎಂದು ಕಿರುಚಿದರೆ ಪಾರಿವಾಳಗಳು ಏಳುತ್ತಿದ್ದವು.

ಅಧ್ಯಕ್ಷರು ಓಡೋಡಿ ಬಂದರು. "ಮೇಡಂ, ಏನಿದು? ಲಾನ್ ಹಾಳಾಗುತ್ತೆ. ಸೀನಿಯರ್ ಸಿಟಿಜನ್ಸ್‌ಗೆ ಡಿಸ್ಟರ್ಬ್ ಆಗುತ್ತೆ."

"ನೀವು ದಿನಾ ಯಾಕೆ ವಾಕ್ ಮಾಡ್ತೀರಿ ಸಾರ್?"

"ಶುಗರ್ ಇದೆ. ಡಾಕ್ಟ್ರು ಹೇಳಿದಾರೆ."

"ಹುಲ್ಲು ಹಾಳಾದ್ರೆ ಮಳೆಗೆ ಮತ್ತೆ ಬರುತ್ತೆ ಸಾರ್. ನಿಮ್ಮ ಶುಗರ್ ಹೋಯ್ತಾ? ಈ ಮಕ್ಕಳು ನಿಮ್ಮ ವಯಸ್ಸಿಗೆ ಇದೇ ಟ್ರ್ಯಾಕಲ್ಲಿ ಮಾತ್ರೆ ನುಂಗ್ಕೊಂಡು ಸುತ್ತಬಾರದು ಅಂತ ಈಗ ಓಡಿಸ್ತಿದ್ದೀನಿ. ಪಕ್ಕಕ್ಕೆ ಬನ್ನಿ, ಕೆರೆಲಿ ನಿಂತಿದ್ದೀರಿ."

ಆಮೇಲೆ ಏನೆಲ್ಲ ಆಯಿತು ಎಂದು ಬರೆದರೆ ಸ್ಮರಣ ಸಂಚಿಕೆಯವರಿಗೆ ಬೇಜಾರಾಗುತ್ತದೆ. ಆದರೂ ಬರೆಯುತ್ತೇನೆ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡ ಮಿಸ್ ಬಗ್ಗೆ ಬಾಯಿಗೆ ಬಂದ ಹಾಗೆ ಬರೆದರು. ಶಿಶುವಿಹಾರಕ್ಕೆ ಪುಕ್ಕಟೆ ಮೈದಾನ ಮಾಡಿಕೊಳ್ಳುತ್ತಿದ್ದಾಳೆ ಎಂದರು. ಒಂದು ಸಂಜೆ ನಾವು ಹೋಗುವ ಹೊತ್ತಿಗೆ ಸರಿಯಾಗಿ ನೀರಿನ ಪೈಪು ಬಿಟ್ಟು ಹುಲ್ಲನ್ನೆಲ್ಲ ಕೆಸರು ಮಾಡಿದ್ದರು. ಆಕೆ ಚಪ್ಪಲಿ ಬಿಚ್ಚಿದರು, ಮಕ್ಕಳೂ ಬಿಚ್ಚಿದರು. ಅವತ್ತು ಕೆರೆ ನಿಜವಾಗಿಯೂ ಕೆರೆಯೇ ಆಗಿತ್ತು. ಅಷ್ಟು ಮಜಾ ಮತ್ತೆಂದೂ ಬರಲಿಲ್ಲ.

ಕೊನೆಗೆ ಸಂಘದವರನ್ನು ಸೋಲಿಸಿದ್ದು ಅವರ ಮನೆಯವರೇ. ಬೆಂಚಿನ ಮೇಲೆ ಕೂತಿದ್ದ ಅಜ್ಜಿಯರ ಮಡಿಲಿಂದ ಮೊಮ್ಮಕ್ಕಳು ಒಂದೊಂದೇ ಇಳಿದು ಬಂದು ಸೇರಿಕೊಂಡವು. ಉಪ್ಪು ಮೆಣಸಿನಕಾಯಿ ನಿವಾಳಿಸಿದ ಅಜ್ಜಿಯ ಮೊಮ್ಮಗುವೂ ಬಂತು, ಅಧ್ಯಕ್ಷರ ಮೊಮ್ಮಗನೂ ಬಂದ. ಸಂಜೆ ಆಡಿದ ಮಕ್ಕಳು ಮನೆಗೆ ಹೋಗಿ ತಾವಾಗಿ ತಟ್ಟೆ ಎಳೆದುಕೊಂಡು ಊಟ ಕೇಳತೊಡಗಿದವು. "ಮೊಬೈಲ್ ಇಲ್ದೆ ಅದಾಗದೇ ತಿಂತು ಕಣ್ರೀ! ಸಾಕು ಅಂತ ಅದಾಗದೇ ಎದ್ದೂ ಹೋಯ್ತು" ಎಂದು ಆ ಅಜ್ಜಿಯೇ ಬಂದು ದೊಡ್ಡ ಮಿಸ್ ಕೈ ಹಿಡಿದುಕೊಂಡರು. ಆಮೇಲೆ ಅಜ್ಜಿಯರೇ ಸರದಿ ಹಾಕಿಕೊಂಡು, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನೂ ಪಾರ್ಕಿಗೆ ಕರೆತರತೊಡಗಿದರು. ಬೋರ್ಡನ್ನು ಯಾರೂ ಕೀಳಲಿಲ್ಲ, ಯಾರೂ ಓದಲೂ ಇಲ್ಲ. ಶ್ರಾವಣಿ ಒಂದೇ ಉಸಿರಿಗೆ ನಮ್ಮ ಮೆಟ್ಟಿಲು ಹತ್ತುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಅವಳು ಇಂದಿಗೂ ಕಡ್ಡಿಯಂತಿಲ್ಲ, ಇರಬೇಕಾಗಿಯೂ ಇಲ್ಲ. ಡಾಕ್ಟರು ಈಗ ಹೆದರಿಸುವುದಿಲ್ಲ ಎಂದು ಅವಳಮ್ಮ ಹೇಳುತ್ತಾಳೆ.

ದೊಡ್ಡ ಮಿಸ್ ಆಸ್ಪತ್ರೆ ಸೇರಿದಾಗ ನಾನು ಮಧ್ಯಾಹ್ನ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಕೊನೆಕೊನೆಗೆ ಆ ಗಂಟಲು ಮಂಚದ ಪಕ್ಕಕ್ಕೇ ಕೇಳಿಸುತ್ತಿರಲಿಲ್ಲ. ಒಂದು ದಿನ ನಾನು ಬಗ್ಗಿ ಕಿವಿ ಕೊಟ್ಟಾಗ, "ಸಂಜೆ ಆಗ್ತಾ ಬಂತು. ಇಲ್ಲೇನು ಮಾಡ್ತಿದ್ದೀಯ? ಹೋಗಿ ಕೆರೆ-ದಡ ಆಡಿಸು" ಎಂದರು. ನಾನು ಎದ್ದು ಬಂದೆ. ಬಸ್ಸಿನಲ್ಲಿ ಅತ್ತೆ, ಪಾರ್ಕಿನಲ್ಲಿ ಆಡಿಸಿದೆ.

ಈಗ ಮೊನ್ನೆ ಭಾನುವಾರದ ವಿಷಯ. ಹೂದೋಟಕ್ಕೆ ಗುದ್ದಲಿ ಪೂಜೆ ಇಟ್ಟಿದ್ದರು. ಅದಕ್ಕೂ ಮೊದಲು ನಾನು ಅಧ್ಯಕ್ಷರ ಮನೆಗೇ ಹೋಗಿ ಹೇಳಿ ನೋಡಿದ್ದೆ. "ಮೇಡಂ, ಅವರ ನೆನಪು ಶಾಶ್ವತವಾಗಿ ಉಳೀಲಿ ಅಂತ ತಾನೇ ಮಾಡ್ತಿರೋದು? ಮಕ್ಕಳು ಎಲ್ಲಾದ್ರೂ ಆಡ್ಕೋತಾರೆ" ಎಂದರು. ಎಲ್ಲಾದ್ರೂ ಎಂದರೆ ಎಲ್ಲಿ ಎಂದು ಕೇಳಿದೆ. ಕಾಫಿ ತರಿಸಿದರು. ನಾನು ಕುಡಿಯದೆ ಬಂದೆ.

ಭಾನುವಾರ ಬೆಳಿಗ್ಗೆ ಪುರೋಹಿತರು ಬಂದಿದ್ದರು. ಬಾಳೆಹಣ್ಣು, ತೆಂಗಿನಕಾಯಿ, ಅರಿಶಿನ ಕುಂಕುಮ ಹಚ್ಚಿದ ಹೊಸ ಗುದ್ದಲಿ. ಬೇಲಿ ಎಲ್ಲಿ ಬರಬೇಕೆಂದು ಹುಲ್ಲಿನ ಸುತ್ತ ಸುಣ್ಣದ ಪುಡಿಯಲ್ಲಿ ದಪ್ಪನೆಯ ಬಿಳಿ ಗೆರೆ ಎಳೆದಿದ್ದರು. ಸಂಘದವರೆಲ್ಲ ಇಸ್ತ್ರಿ ಬಟ್ಟೆಯಲ್ಲಿ ನಿಂತಿದ್ದರು. ಎದುರಿಗೆ ಇರಲಿ ಎಂದು ನಮ್ಮ ಮಕ್ಕಳನ್ನೂ ಕರೆಸಿದ್ದರು, ಕೈಯಲ್ಲಿ ಒಂದೊಂದು ಗುಲಾಬಿ ಕೊಟ್ಟು. ಮಕ್ಕಳು ಬಂದವು. ಗೆರೆ ನೋಡಿದವು. ಯಾರೂ ಏನೂ ಹೇಳದೆ ಸೀದಾ ಹೋಗಿ ಗೆರೆಗೆ ಹೆಬ್ಬೆರಳು ತಾಗಿಸಿ ಸಾಲಾಗಿ ನಿಂತವು. ಅಧ್ಯಕ್ಷರ ಮೊಮ್ಮಗನೂ ನಿಂತ. ಮಕ್ಕಳೆಲ್ಲ ನನ್ನ ಮುಖ ನೋಡತೊಡಗಿದವು.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. "ಎಷ್ಟು ಶಿಸ್ತು ನೋಡಿ, ಎಲ್ಲಾ ಅವರು ಕಲಿಸಿದ್ದು" ಎಂದು ಪಕ್ಕದವರಿಗೆ ಹೇಳಿ ಗುದ್ದಲಿ ಕೈಗೆತ್ತಿಕೊಂಡರು.

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ನನ್ನ ಗಂಟಲು ಅವರದರಷ್ಟು ದೊಡ್ಡದಲ್ಲ. ಆದರೂ ಅವತ್ತು ಎಲ್ಲಿಂದ ಬಂತೋ, "ಕೆರೆ!" ಎಂದು ಕೂಗಿದೆ.

ಶ್ರಾವಣಿ ಎಲ್ಲರಿಗಿಂತ ಮೊದಲು ಹಾರಿದಳು. ಹಿಂದೆಯೇ ಉಳಿದವರೆಲ್ಲ. ಗುಲಾಬಿಗಳು ಅತ್ತ ಇತ್ತ ಬಿದ್ದವು, ಬಿಳಿ ಗೆರೆ ಕಾಲಡಿ ಚೆಲ್ಲಾಪಿಲ್ಲಿಯಾಯಿತು. ಬೆಂಚಿನ ಮೇಲಿನ ಅಜ್ಜಿಯರು ಚಪ್ಪಾಳೆ ಹೊಡೆದರು. ಪುರೋಹಿತರು ನಗುತ್ತಾ ಹಣ್ಣುಕಾಯಿಯ ತಟ್ಟೆ ಎತ್ತಿಕೊಂಡು ಟೈಲ್ಸಿನ ಮೇಲೆ ಹೋಗಿ ನಿಂತರು. ಅಧ್ಯಕ್ಷರು ಮಾತ್ರ ಮಕ್ಕಳ ನಡುವೆ ಗುದ್ದಲಿ ಹಿಡಿದುಕೊಂಡು ಸಿಕ್ಕಿಹಾಕಿಕೊಂಡಿದ್ದರು. ಅವರ ಪ್ಯಾಂಟು ಹಿಡಿದು ಮೊಮ್ಮಗ, "ತಾತ, ನೀನೂ ಹಾರು" ಎಂದು ಎಳೆಯುತ್ತಿದ್ದ.

"ಮೇಡಂ, ಮಾರ್ಕಿಂಗ್ ಎಲ್ಲಾ ಅಳಿಸಿಹೋಗ್ತಿದೆ" ಎಂದು ಅಲ್ಲಿಂದಲೇ ಕೂಗಿದರು. "ಮುಹೂರ್ತ ಮೀರುತ್ತೆ. ಒಂದ್ಸಲ ದಡ ಅನ್ನಿ ಮೇಡಂ, ಮಕ್ಕಳು ಆಚೆ ಬರ್ಲಿ. ದಡ ಅನ್ನಿ!"

ನಾನು ಅನ್ನಲಿಲ್ಲ.